ಲೈಸೆನ್ಸ್ ಇಲ್ಲ ಅಂದ್ರ ಮುಗೀತಾ? ಕೋರ್ಟು ಏನು ನೋಡುತ್ತೆ, ಏನು ನೋಡಲ್ಲ

ಇಂಡಿಯಲ್ಲಿ ಬೇಕರಿ, ಸಿಂದಗಿಯಲ್ಲಿ ಖಾನಾವಳಿ, ಮುದ್ದೇಬಿಹಾಳದಲ್ಲಿ ತಳ್ಳುಗಾಡಿ, ಬಸವನ ಬಾಗೇವಾಡಿಯಲ್ಲಿ ಹಿಟ್ಟಿನ ಗಿರಣಿ. ಯಾವುದಕ್ಕೂ ಸ್ಥಳೀಯ ಸಂಸ್ಥೆಯ ಕಾಗದ ಬೇಕು. ‘ಕೊಡಂಗಿಲ್ಲ’ ಅಂದರೆ ಮನೆಯ ಒಲೆಯೇ ಆರುತ್ತದೆ. ಹಾಗಾದರೆ ಮುಂದೇನು?

ನಾನು ಎಂಜಿನಿಯರಿಂಗ್ ಓದಿದವನು, ಆ ಭಾಷೆಯಲ್ಲೇ ಹೇಳುತ್ತೇನೆ. ಹೈಕೋರ್ಟ್ ಲೆಕ್ಕವನ್ನು ಮತ್ತೆ ಬಿಡಿಸುವುದಿಲ್ಲ, ಸ್ಟೆಪ್ಸ್ ಸರಿಯಿವೆಯಾ ನೋಡುತ್ತದೆ. ಅಧಿಕಾರ ಇತ್ತಾ? ನೋಟಿಸ್ ಕೊಟ್ಟರಾ? ನಿಮ್ಮ ಮಾತು ಕೇಳಿದರಾ? ಆದೇಶದಲ್ಲಿ ಕಾರಣ ಇದೆಯಾ? ಎಡವಿದ್ದರೆ ಆದೇಶ ರದ್ದಾಗುತ್ತದೆ. ಆದರೆ ಸಾಮಾನ್ಯವಾಗಿ ಕೋರ್ಟು ತಾನೇ ಲೈಸೆನ್ಸ್ ಕೊಡುವುದಿಲ್ಲ, ‘ಮತ್ತೆ ಪರಿಶೀಲಿಸಿ’ ಎಂದು ವಾಪಸ್ ಕಳಿಸುತ್ತದೆ.

ಇದರ ಬೇರು ಹಳೆಯದು. 1950ರಲ್ಲಿ ಉತ್ತರ ಪ್ರದೇಶದ ಕೈರಾನಾ ಎಂಬ ಸಣ್ಣ ಊರಿನ ತರಕಾರಿ ಸಗಟು ವ್ಯಾಪಾರಿ ರಶೀದ್ ಅಹ್ಮದ್, ತನಗೆ ಲೈಸೆನ್ಸ್ ನಿರಾಕರಿಸಿ ಬೇರೊಬ್ಬರಿಗೆ ಏಕಸ್ವಾಮ್ಯ ಕೊಟ್ಟ ಪುರಸಭೆಯ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. 1977ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಇನ್ನೊಂದು ಮಾತು ಹೇಳಿತು: ಆದೇಶದಲ್ಲಿ ಬರೆಯದ ಕಾರಣವನ್ನು ಆಮೇಲೆ ಅಫಿಡವಿಟ್‌ನಲ್ಲಿ ತುರುಕುವಂತಿಲ್ಲ.

ನೇರ ಕೋರ್ಟಿಗೆ ಓಡಬೇಡಿ. ಕಾಯ್ದೆಯಲ್ಲೇ ಮೇಲ್ಮನವಿ ಇದ್ದರೆ ಮೊದಲು ಅಲ್ಲಿಗೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪಟ್ಟಣ ವ್ಯಾಪಾರ ಸಮಿತಿ ಪ್ರಮಾಣಪತ್ರ ನಿರಾಕರಿಸಿದರೆ ಸ್ಥಳೀಯ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ನಿಮ್ಮನ್ನು ಕೇಳದೇ ಆದೇಶ ಮಾಡಿದ್ದರೆ, ಅಧಿಕಾರವೇ ಇಲ್ಲದವರು ಮಾಡಿದ್ದರೆ, 1998ರ ವರ್ಲ್‌ಪೂಲ್ ತೀರ್ಪಿನಂತೆ ಹೈಕೋರ್ಟ್ ನೇರವಾಗಿಯೂ ಕೇಳಬಹುದು. ಮದ್ಯದ ಅಂಗಡಿ ಬೇರೆ ಮಾತು. ಅದು ಮೂಲಭೂತ ಹಕ್ಕಲ್ಲ ಎಂದು ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲೇ ತೀರ್ಮಾನವಾಗಿದೆ. ಆದರೂ ಅಲ್ಲಿ ಮನಸ್ಸಿಗೆ ಬಂದಂತೆ ನಡೆಯುವ ಹಾಗಿಲ್ಲ.

ಈ ನಾಲ್ಕೂ ತಾಲ್ಲೂಕುಗಳು ಕಲಬುರಗಿ ಪೀಠದ ವ್ಯಾಪ್ತಿಗೆ ಬರುತ್ತವೆ. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕಲು ಬೆಂಗಳೂರೇ ಗತಿ.

ಕೊನೆಗೆ ಒಂದು ಮಾತು. ಅರ್ಜಿಗೆ ಸ್ವೀಕೃತಿ ತಗೊಳ್ಳಿ, ಸಕಾಲ ಸಂಖ್ಯೆ ಇದ್ದರೆ ಇಟ್ಟುಕೊಳ್ಳಿ. ‘ಆಗಲ್ಲ, ಹೋಗ್ರಿ’ ಅಂದರೆ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ನಿರಾಕರಣೆಯನ್ನು ಕೋರ್ಟಿನಲ್ಲಿ ಸಾಬೀತು ಮಾಡೋದು ಕಷ್ಟ. ಕಾಗದ ಇದ್ದರೆ, ಕಲಬುರಗಿಯ ದಾರಿ ಅರ್ಧ ಸವೆದಂತೆ.