ತಲೆದಂಡದ ಲೆಕ್ಕ

ಸಚಿವರೊಬ್ಬರು ರಾಜೀನಾಮೆ ಕೊಟ್ಟರೆ ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದ ‘ತಲೆದಂಡ’ ಖಂಡಿತ. ತಂಡ ಸೋತರೆ ಕೋಚ್ ತಲೆದಂಡ, ಕಾಲ್ತುಳಿತವಾದರೆ ಅಧಿಕಾರಿಗಳ ತಲೆದಂಡ, ಎತ್ತಂಗಡಿಯಾದ ತಹಶೀಲ್ದಾರರದ್ದೂ ತಲೆದಂಡವೇ. ರಾಜೀನಾಮೆ, ವಜಾ, ಅಮಾನತು, ಎತ್ತಂಗಡಿ ಎಂದು ಒಂದೊಂದಕ್ಕೂ ಒಂದೊಂದು ಒಳ್ಳೆಯ ಮಾತಿರುವಾಗ ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟುವುದು ಸೋಮಾರಿತನ. ಇದರ ಜೊತೆಗೆ ಹೆಚ್ಚಿರುವ ಇನ್ನೊಂದು ಮಾತು ‘ಗಲ್ಲಿಗೇರಿಸಿ’. ಪ್ರಶ್ನೆಪತ್ರಿಕೆ ಸೋರಿಕೆ ಮಾಡಿದವರನ್ನು, ಕಲಬೆರಕೆ ಮಾಡಿದವರನ್ನು, ಬ್ಯಾಂಕಿಗೆ ಪಂಗನಾಮ ಹಾಕಿದವರನ್ನು ಎಲ್ಲ ಗಲ್ಲಿಗೇರಿಸಿ ಎಂಬ ಕೂಗು ಟಿವಿ ಚರ್ಚೆಗಳಲ್ಲಿ ನಿತ್ಯದ ಮಾತಾಗಿದೆ. ತಲೆದಂಡ ಎಂಬ ಮಾತನ್ನು ಹಗುರ ಮಾಡಿಕೊಂಡದ್ದಕ್ಕೂ ಗಲ್ಲನ್ನು ಇಷ್ಟು ಸಲೀಸಾಗಿ ಕೇಳುವುದಕ್ಕೂ ಸಂಬಂಧವಿದೆ ಎಂದು ನನಗನ್ನಿಸುತ್ತದೆ. ಆದರೂ ಈ ಶೀರ್ಷಿಕೆಗಳು ತಮಗರಿವಿಲ್ಲದೆ ಒಂದು ಹಳೆಯ ಸತ್ಯವನ್ನು ಉಳಿಸಿಕೊಂಡಿವೆ. ಅವುಗಳಲ್ಲಿ ‘ತಲೆ’ ಕೊಟ್ಟವರು ಯಾರೂ ಕೊಲೆ ಮಾಡಿದವರಲ್ಲ.

ತಲೆದಂಡ ಎಂದೊಡನೆ ಕಣ್ಣಿಗೆ ಕಟ್ಟುವುದು ಕತ್ತಿ. ನನ್ನ ಊಹೆಯಂತೆ ಈ ಮಾತಿನ ಬೇರು ಇರುವುದು ಲೆಕ್ಕದ ಕಡತದಲ್ಲಿ. ಕನ್ನಡದಲ್ಲಿ ದಂಡವನ್ನು ಈಗಲೂ ಕಟ್ಟುತ್ತೇವೆ, ತೆರುತ್ತೇವೆ, ವಸೂಲಿ ಮಾಡುತ್ತೇವೆ. ಕೈಬಿಟ್ಟುಹೋದ ಹಣವನ್ನು ‘ದಂಡವಾಯಿತು’ ಎನ್ನುತ್ತೇವೆ. ದಾನಶಾಸನಗಳಲ್ಲಿ ಊರಿನ ಸುಂಕದ ಜೊತೆಗೆ ‘ದಂಡದೋಷ’ದ ಹುಟ್ಟುವಳಿಯನ್ನೂ ಬಿಟ್ಟುಕೊಟ್ಟ ಉಲ್ಲೇಖಗಳಿವೆ, ಅಂದರೆ ತಪ್ಪಿಗೆ ಹಾಕಿದ ದಂಡವೂ ಆದಾಯವೇ. ತಲೆಗಂದಾಯ ಎಂಬ ಮಾತಿನ ಪಕ್ಕದಲ್ಲಿ ತಲೆದಂಡವನ್ನು ಇಟ್ಟು ನೋಡಿ, ಎರಡೂ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ದಂಡವೆಂದ ಮೇಲೆ ಯಾರದ್ದೋ ನಷ್ಟ ಭರ್ತಿಯಾಗಬೇಕು. ತಲೆ ತೆತ್ತಾಗ ಭರ್ತಿಯಾಗುತ್ತಿದ್ದುದು ಯಾರ ನಷ್ಟ ಎಂಬುದೇ ಕೇಳಬೇಕಾದ ಪ್ರಶ್ನೆ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವಯ್ಯನ ಮಗಳಿಗೂ ಮದುವೆಯಾಯಿತು. ಬಿಜ್ಜಳ ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟ, ಆನೆಯ ಕಾಲಿಗೆ ಕಟ್ಟಿ ಊರೆಲ್ಲ ಎಳೆಸಿದ ಎಂದು ಶರಣ ಪರಂಪರೆ ಹೇಳುತ್ತದೆ. ಅಲ್ಲಿ ಯಾರ ಪ್ರಾಣವೂ ಹೋಗಿರಲಿಲ್ಲ, ಯಾರ ಗಂಟೂ ಕಳುವಾಗಿರಲಿಲ್ಲ. ಕೆಟ್ಟದ್ದು ಮೇಲು-ಕೀಳಿನ ಕಟ್ಟಳೆ. ಆ ಕಟ್ಟಳೆಯ ಒಡೆಯರಿಗಾದ ನಷ್ಟಕ್ಕೆ ಎರಡು ಜೀವಗಳನ್ನು ತೆರಿಸಿದರು. ಗಿರೀಶ ಕಾರ್ನಾಡರು ಈ ಕಲ್ಯಾಣದ ನಾಟಕಕ್ಕೆ ‘ತಲೆದಂಡ’ ಎಂದೇ ಹೆಸರಿಟ್ಟದ್ದು ತಕ್ಕದ್ದಾಗಿದೆ.

ಆಸ್ತಿಯ ನಷ್ಟಕ್ಕೆ ತಲೆ ಕೇಳಿದ ಕಾಲಕ್ಕೆ ಬಂದರೆ ನಮ್ಮ ಗಾದೆಯೊಂದನ್ನು ಬಿಡುವಂತಿಲ್ಲ: ‘ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ.’ ಸಣ್ಣ ತಪ್ಪಿಗೂ ದೊಡ್ಡ ಶಿಕ್ಷೆ ಬೇಕೆನ್ನುವವರು ಇದನ್ನು ತಮ್ಮ ಪರ ಸಾಕ್ಷಿಗೆ ಕರೆಯುತ್ತಾರೆ. ಗಾದೆಯನ್ನು ಗಮನವಿಟ್ಟು ಕೇಳಿ: ಇಬ್ಬರಿಗೂ ಒಂದೇ ಹೆಸರು ಎನ್ನುತ್ತದೆಯೇ ಹೊರತು ಒಂದೇ ಶಿಕ್ಷೆ ಎಂದು ಎಲ್ಲೂ ಹೇಳುವುದಿಲ್ಲ. ಅದು ಕದಿಯುವ ಕೈಗೆ ಹೇಳಿದ ಬುದ್ಧಿ. ತೀರ್ಪು ಕೊಡುವ ಕೈಗೆ ಕೊಟ್ಟ ಅಪ್ಪಣೆಯಲ್ಲ. ಅಡಿಕೆಗೂ ಆನೆಗೂ ಒಂದೇ ಶಿಕ್ಷೆ ಎಂದು ನಿಜವಾಗಿ ಬರೆದುಕೊಂಡದ್ದು ಹದಿನೆಂಟನೆಯ ಶತಮಾನದ ಇಂಗ್ಲೆಂಡ್. 1688ರ ಸುಮಾರಿಗೆ ಅಲ್ಲಿ ಮರಣದಂಡನೆಯ ಅಪರಾಧಗಳು ಐವತ್ತರಷ್ಟಿದ್ದವು. 1820ರ ಹೊತ್ತಿಗೆ ಇನ್ನೂರು ದಾಟಿದ್ದವು. ಅಂಗಡಿಯಿಂದ ಐದು ಶಿಲಿಂಗ್ ಬೆಲೆಯ ಸರಕು ಕದ್ದರೆ ನೇಣು, ಮನೆಯಿಂದ ನಲವತ್ತು ಶಿಲಿಂಗಿನದು ಕದ್ದರೆ ನೇಣು, ಕುರಿ ಕದ್ದರೂ ನೇಣು. 1723ರ ಒಂದು ಶಾಸನವಂತೂ ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಬೇಟೆಯಾಡುವವರಿಗೂ ತೋಪಿನ ಮರ ಕಡಿಯುವವರಿಗೂ ನೇಣನ್ನೇ ಗೊತ್ತುಮಾಡಿತು. ಪಾರ್ಲಿಮೆಂಟಿನಲ್ಲಿ ಕೂತವರು ಜಿಂಕೆವನಗಳ, ತೋಪುಗಳ ಒಡೆಯರು. ತಮ್ಮ ಒಂದೊಂದು ಸೊತ್ತಿನ ಮುಂದೆಯೂ ಒಂದೊಂದು ನೇಣುಗಂಬ ನೆಟ್ಟುಕೊಂಡರು. ಅದನ್ನು ಮೊದಲು ಹುಸಿ ಮಾಡಿದವರು ಜ್ಯೂರಿಯಲ್ಲಿ ಕೂತ ಸಾಮಾನ್ಯ ಗೃಹಸ್ಥರು. ಮನೆಯಿಂದ ಕಳುವಾದ ಮಾಲಿನ ಬೆಲೆ ಎಷ್ಟೇ ಇರಲಿ, ಅವರು ಎಷ್ಟೋ ಸಲ ಮೂವತ್ತೊಂಬತ್ತು ಶಿಲಿಂಗ್ ಎಂದು ಬರೆಸುತ್ತಿದ್ದರು. ಆ ಒಂದು ಶಿಲಿಂಗ್ ಇಳಿಸಿದರೆ ಆರೋಪಿಯ ಕುತ್ತಿಗೆ ಉಳಿಯುತ್ತಿತ್ತು. ನಿಜವಾದ ತೀರ್ಪು ಕೊಡುತ್ತೇವೆಂದು ಬೈಬಲ್ ಮುಟ್ಟಿ ಪ್ರಮಾಣ ಮಾಡಿದವರು, ಕಾನೂನು ಅಡಿಕೆ-ಆನೆಯ ಅಂತರ ಮರೆತದ್ದರಿಂದ, ತಿಳಿದೂ ತಿಳಿದೂ ಸುಳ್ಳು ಬೆಲೆ ಕಟ್ಟಬೇಕಾಯಿತು.

ಇದೇ ಕಾನೂನು ಹಡಗು ಹತ್ತಿ ಬಂಗಾಳಕ್ಕೂ ಬಂತು. 1775ರ ಮಾರ್ಚಿನಲ್ಲಿ ಮಹಾರಾಜ ನಂದಕುಮಾರ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೆ ಲಂಚದ ಆರೋಪ ಹೊರಿಸಿದ. ಮೇ ತಿಂಗಳಲ್ಲಿ ಅವನನ್ನೇ ಫೋರ್ಜರಿ ಆರೋಪದ ಮೇಲೆ ಹಿಡಿದರು. ಸತ್ತುಹೋಗಿದ್ದ ಸಾಹುಕಾರನೊಬ್ಬನ ಹೆಸರಿನ ಸಾಲಪತ್ರವನ್ನು ಖೊಟ್ಟಿ ಮಾಡಿದ್ದನೆಂಬುದು ದೂರು. ಪತ್ರ ಹಲವು ವರ್ಷ ಹಳೆಯದು. ವಿಚಾರಣೆ ಮಾಡಿದ ಕಲ್ಕತ್ತೆಯ ಸುಪ್ರೀಂ ಕೋರ್ಟ್ ಹುಟ್ಟಿದ್ದೇ 1774ರಲ್ಲಿ. ಖೊಟ್ಟಿ ಪತ್ರಕ್ಕೆ ಪ್ರಾಣ ತೆಗೆಯುವ ಪದ್ಧತಿ ಈ ನೆಲದಲ್ಲಿ ಇರಲಿಲ್ಲ. ಆದರೂ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯ ಪೀಠ ಇಂಗ್ಲೆಂಡಿನ ಶಾಸನ ಹಿಡಿದು ತೀರ್ಪು ಕೊಟ್ಟಿತು, ಆಗಸ್ಟ್ 5ರಂದು ನೇಣು ಹಾಕಿತು. ಪಿತೂರಿ ನಡೆದಿತ್ತೋ ಇಲ್ಲವೋ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ನನಗೆ ಮುಖ್ಯವಾದದ್ದು ಇಷ್ಟೇ: ಕೊಲೆಯಲ್ಲದ ತಪ್ಪಿಗೆ ಪ್ರಾಣ ತೆಗೆಯುವ ಕಾನೂನು ಕಪಾಟಿನಲ್ಲಿ ಸಿದ್ಧವಾಗಿದ್ದರೆ ಅಧಿಕಾರದ ವೈರಿಗೆ ತಕ್ಕ ತಪ್ಪನ್ನು ಹುಡುಕಿಕೊಡುವುದು ಕಷ್ಟವಾಗುವುದಿಲ್ಲ. ನಮ್ಮ ಹಲಗಲಿಯ ಬೇಡರು 1857ರಲ್ಲಿ ನೇಣಿಗೇರಿದ್ದರ ಬುಡದಲ್ಲಿದ್ದದ್ದೂ ತಮ್ಮ ಆಯುಧಗಳನ್ನು ಕಂಪನಿ ಸರ್ಕಾರಕ್ಕೆ ಒಪ್ಪಿಸುವುದಿಲ್ಲ ಎಂಬ ಹಟ.

‘ಜೀವಕ್ಕೆ ಜೀವ ಎಂಬುದೇ ಮೂಲ ನ್ಯಾಯ, ಉಳಿದದ್ದು ಅದರ ದುರುಪಯೋಗ’ ಎನ್ನುವವರಿದ್ದಾರೆ. ದುರುಪಯೋಗ ಇನ್ನೂರು ಬಗೆ, ಸದುಪಯೋಗ ಒಂದು ಬಗೆ ಇದ್ದ ಕಾಲವನ್ನು ಹಾಗೆ ವಿವರಿಸಲಾಗುವುದಿಲ್ಲ. ಕೊಲೆಗೆ ಮಾತ್ರ ಕೊರಳು ಎಂಬುದು ಈಚಿನ, ಕಷ್ಟಪಟ್ಟು ತಂದ ಕಡಿವಾಣ. 1808ರಲ್ಲಿ ಇಂಗ್ಲೆಂಡಿನ ಸಂಸದ ಸ್ಯಾಮ್ಯುಯೆಲ್ ರೊಮಿಲಿ ಜೇಬುಗಳ್ಳರನ್ನು ನೇಣಿನಿಂದ ತಪ್ಪಿಸಿದ. ಐದು ಶಿಲಿಂಗಿನ ಅಂಗಡಿಗಳ್ಳರಿಗಾಗಿ ಅವನು ತಂದ ಮಸೂದೆಯನ್ನು 1810ರಲ್ಲಿ ಲಾರ್ಡ್ಸ್ ಸಭೆ ತಳ್ಳಿಹಾಕಿತು. ವಿರುದ್ಧ ಮತ ಹಾಕಿದವರಲ್ಲಿ ಬಿಷಪ್ಪರೂ ಇದ್ದರು. ಹೆದರಿಕೆ ಇದ್ದರಲ್ಲವೇ ತಪ್ಪು ಕಡಿಮೆಯಾಗುವುದು ಎಂಬ ಎರಡನೆಯ ಆಕ್ಷೇಪಕ್ಕೆ ಉತ್ತರ ಕೊಟ್ಟವರು ಬ್ಯಾಂಕುದಾರರೇ. ಫೋರ್ಜರಿಯಿಂದ ಹಣ ಕಳೆದುಕೊಳ್ಳುತ್ತಿದ್ದ ಇನ್ನೂರಕ್ಕೂ ಹೆಚ್ಚು ಊರುಗಳ ಬ್ಯಾಂಕುದಾರರು, ಈ ಅಪರಾಧಕ್ಕೆ ಮರಣದಂಡನೆ ತೆಗೆಯಿರಿ ಎಂದು 1830ರಲ್ಲಿ ಪಾರ್ಲಿಮೆಂಟಿಗೆ ಅರ್ಜಿ ಹಾಕಿದರು. ನೇಣಿಗೆ ಅಂಜಿ ದೂರು ಕೊಡುವವರು ಹಿಂಜರಿಯುತ್ತಾರೆ, ಜ್ಯೂರಿ ಬಿಟ್ಟುಬಿಡುತ್ತದೆ, ಖೊಟ್ಟಿ ಮಾಡಿದವನು ನಿಶ್ಚಿಂತೆಯಾಗಿ ತಿರುಗುತ್ತಾನೆ ಎಂಬುದು ಅವರ ಅನುಭವ. 1837ರಲ್ಲಿ ಫೋರ್ಜರಿಗಿದ್ದ ಮರಣದಂಡನೆ ಪೂರ್ತಿ ರದ್ದಾಯಿತು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನಮ್ಮ ಕಾಲದ್ದು, ಮಕ್ಕಳ ಮೇಲಿನ ಅತ್ಯಾಚಾರದ್ದು. ಹನ್ನೆರಡಕ್ಕಿಂತ ಕೆಳಗಿನ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರಕ್ಕೆ 2018ರ ತಿದ್ದುಪಡಿ ಮರಣದಂಡನೆಯನ್ನೂ ಸೇರಿಸಿತು. 2019ರಲ್ಲಿ ಪೋಕ್ಸೊ ಕಾಯ್ದೆಗೂ ಅದು ಬಂತು. ಇಲ್ಲಿ ಸಿಟ್ಟು ನಿಜವಾದದ್ದು. ನಷ್ಟವೂ ಯಾವ ಜಮೀನುದಾರನದ್ದೂ ಅಲ್ಲ, ಮಗುವಿನದು. ಆದ್ದರಿಂದಲೇ ಮಗುವಿಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಇಂಥ ಪ್ರಕರಣಗಳಲ್ಲಿ ಆರೋಪಿ ಬಹುಪಾಲು ಮನೆಯವನೋ ನೆಂಟನೋ ನೆರೆಯವನೋ ಆಗಿರುತ್ತಾನೆ. ಬಾಯಿ ಬಿಟ್ಟರೆ ಚಿಕ್ಕಪ್ಪನಿಗೆ ನೇಣು ಎಂದಾದರೆ ಮನೆಯವರು ಮೊದಲು ಮುಚ್ಚುವುದು ಮಗುವಿನ ಬಾಯಿಯನ್ನು. ಇನ್ನೊಂದು ಅಪಾಯವನ್ನು ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ 1748ರಲ್ಲೇ ದರೋಡೆಯ ವಿಷಯದಲ್ಲಿ ತೋರಿಸಿದ್ದ. ದೋಚಿದವನಿಗೂ ದೋಚಿ ಕೊಂದವನಿಗೂ ಒಂದೇ ಶಿಕ್ಷೆ ಇರುವ ನಾಡಿನಲ್ಲಿ ದರೋಡೆಕೋರ ಸಾಕ್ಷಿಯನ್ನು ಉಳಿಸುವುದಿಲ್ಲ. ಅತ್ಯಾಚಾರಕ್ಕೆ ಮರಣದಂಡನೆ ಬೇಡವೆಂದು 2013ರಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿ ಹೇಳಿದಾಗ ದೇಶದ ಸಿಟ್ಟು ನೆತ್ತಿಗೇರಿತ್ತು. ಸಮಿತಿ ಆಗಲೂ ಕದಲಲಿಲ್ಲ. ಮೊಕದ್ದಮೆ ಬೇಗ ಮುಗಿಸುವ ನ್ಯಾಯಾಲಯ, ಮಗುವಿನ ಹೇಳಿಕೆಯನ್ನು ತಾಳ್ಮೆಯಿಂದ ಬರೆದುಕೊಳ್ಳುವ ಅಧಿಕಾರಿ, ಸಾಕ್ಷಿಗೆ ರಕ್ಷಣೆ, ತಪ್ಪದೆ ಆಗುವ ಜೈಲುಶಿಕ್ಷೆ, ಇವಕ್ಕೆಲ್ಲ ಸರ್ಕಾರ ದುಡ್ಡನ್ನೂ ದುಡಿಮೆಯನ್ನೂ ಹಾಕಬೇಕು. ನೇಣಿನ ಕಲಮು ಸೇರಿಸುವುದಕ್ಕೆ ಎರಡೂ ಬೇಕಾಗುವುದಿಲ್ಲ.