ಹಸಿವಿನಿಂದ ಹುಟ್ಟಿದ ಹಾದಿ: ನಮ್ಮ ಸೀಮೆಯ ರೈಲು ನಿಲ್ದಾಣಗಳು

ದೇವಾಲಯದ ಶತಮಾನೋತ್ಸವ ಸಂಚಿಕೆಯಲ್ಲಿ ರೈಲು ನಿಲ್ದಾಣದ ಚರಿತ್ರೆಗೆ ಏನು ಕೆಲಸವೆಂದು ಕೆಲವರು ಕೇಳಬಹುದು. ಕಡೂರು, ತರೀಕೆರೆ, ಅಜ್ಜಂಪುರಗಳ ಜನಜೀವನ ರೈಲಿನೊಡನೆ ಹೇಗೆ ಬೆಸೆದುಕೊಂಡಿದೆಯೆಂಬುದನ್ನು ಬಲ್ಲವರಿಗೆ ಈ ಸಂದೇಹ ಬಾರದು.

1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಮಹಾಕ್ಷಾಮ ಆವರಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮದರಾಸಿನಿಂದ ರೈಲಿನಲ್ಲಿ ಬಂದ ಧಾನ್ಯ ಬೆಂಗಳೂರಿನಲ್ಲಿ ರಾಶಿಬಿದ್ದಿತ್ತು. ಅದನ್ನು ಒಳನಾಡಿಗೆ ಸಾಗಿಸಲು ಸಾಕಷ್ಟು ಗಾಡಿಗಳಿರಲಿಲ್ಲ, ಎತ್ತುಗಳೂ ಮೇವಿಲ್ಲದೆ ಸತ್ತಿದ್ದವು. ಐಗುಪ್ತದಲ್ಲಿ ಯೋಸೇಫನು ಕಣಜ ತುಂಬಿಸಿ ಜನರನ್ನು ಉಳಿಸಿದ ಕಥೆಯನ್ನು ನಾವೆಲ್ಲ ಬಲ್ಲೆವು. ಕಣಜವೊಂದೇ ಸಾಲದು, ಅಲ್ಲಿಂದ ಹಸಿದವನ ಮನೆಗೆ ಹಾದಿಯೂ ಬೇಕೆಂಬ ಪಾಠವನ್ನು ಆ ಕ್ಷಾಮ ಕಲಿಸಿತು.

1881ರಲ್ಲಿ ರಾಜ್ಯಾಡಳಿತವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಾಗ ದಿವಾನ್ ರಂಗಾಚಾರ್ಲು ಅವರು ರೈಲುಮಾರ್ಗಗಳಿಗೆ ಆದ್ಯತೆ ನೀಡಿದರು. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ 1884ರಲ್ಲಿ ತುಮಕೂರು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸದರನ್ ಮರಾಠಾ ರೈಲ್ವೆ ಕಂಪನಿ ಆ ಕೆಲಸವನ್ನು ಮುಂದುವರಿಸಿ, 1889ರಲ್ಲಿ ಹರಿಹರದವರೆಗೆ ಪೂರೈಸಿತು. ಕಡೂರು, ಬೀರೂರು, ಅಜ್ಜಂಪುರಗಳು ರೈಲನ್ನು ಕಂಡದ್ದು ಈ ಮಾರ್ಗದಿಂದ. ತರೀಕೆರೆ ಇನ್ನೂ ಹತ್ತು ವರ್ಷ ಕಾಯಬೇಕಾಯಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಕವಲು ಮಾರ್ಗ ತೆರೆದಾಗ ಅದರ ಸರದಿ ಬಂತು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. 1863ರಲ್ಲಿ ಕಡೂರು ಜಿಲ್ಲೆ ರಚಿತವಾಯಿತು. ಎರಡೇ ವರ್ಷಗಳಲ್ಲಿ ಅದರ ಕೇಂದ್ರವು ಚಿಕ್ಕಮಗಳೂರಿಗೆ ಹೋಯಿತು. ಹೀಗೆ ಕಛೇರಿಗಳನ್ನು ಕಳೆದುಕೊಂಡ ಊರಿಗೆ ರೈಲು ದೊರೆಯಿತು. ಕಛೇರಿಗಳನ್ನು ಪಡೆದ ಊರಿಗೆ ರೈಲು ದೊರೆಯಲಿಲ್ಲ. 2013ರಲ್ಲಿ ಕಡೂರು–ಚಿಕ್ಕಮಗಳೂರು ಮಾರ್ಗ ತೆರೆಯುವವರೆಗೆ ಜಿಲ್ಲಾ ಕೇಂದ್ರಕ್ಕೆ ರೈಲಿನಲ್ಲಿ ಹೊರಟವರು ಕಡೂರಿನಲ್ಲೇ ಇಳಿದು ರಸ್ತೆ ಹಿಡಿಯಬೇಕಿತ್ತು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದ ಮೇಲೂ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಇದೇ ಹಾದಿ.

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಕಿರುಹಳಿಯ ಟ್ರಾಮ್ ಓಡುತ್ತಿತ್ತು. ಮಲೆನಾಡಿನ ಮರಮುಟ್ಟು ಅದರಲ್ಲಿ ಬರುತ್ತಿತ್ತು. ಈಗ ಅದಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ ಶಿವಮೊಗ್ಗೆಯ ಕವಲಿಗೆ ಹೊಸ ಮಹತ್ವ ಬಂತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. 2003ರಿಂದ ಈ ನಿಲ್ದಾಣಗಳು ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆಗೆ ಸೇರಿವೆ.

ನಮ್ಮ ಸಭೆಗೆ ಈ ಹಳಿಯಿಂದಾದ ಉಪಕಾರ ಅಲ್ಪವಲ್ಲ. ಉದ್ಯೋಗ ಹಿಡಿದು ಬಂದ ಕುಟುಂಬಗಳು ತಮ್ಮೊಡನೆ ಜಪಸರವನ್ನೂ ತಂದವು. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಹೋಗುವವರಿಗೆ ಇದು ಯಾತ್ರೆಯ ದಾರಿಯೂ ಹೌದು.

ದಿವಾನರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ. ಆದರೆ ಮಣ್ಣು ಹೊತ್ತವರ, ಜಲ್ಲಿ ಒಡೆದವರ, ಮಳೆಗಾಲದ ರಾತ್ರಿ ಲಾಂದ್ರ ಹಿಡಿದು ಹಳಿ ಕಾಯ್ದ ಗ್ಯಾಂಗ್‌ಮನ್‌ಗಳ ಹೆಸರುಗಳನ್ನು ಬಲ್ಲವರು ಯಾರು? ಅವರಲ್ಲಿ ಕೆಲವರ ಮೊಮ್ಮಕ್ಕಳು ಇಂದಿಗೂ ನಮ್ಮ ನಡುವೆ ಇರಬಹುದು. ಅಂಥ ಮನೆಗಳ ಹಿರಿಯರು ತಾವು ಬಲ್ಲುದನ್ನು ಮಕ್ಕಳಿಗೆ ಹೇಳಲಿ, ಮಕ್ಕಳು ಅದನ್ನು ಬರೆದಿಡಲಿ. ತಡಮಾಡಿದರೆ ಹೇಳುವವರೇ ಇಲ್ಲವಾಗುತ್ತಾರೆ. ಬರುವ ನವೆಂಬರ್ 2ರಂದು, ಸಕಲ ಮೃತರ ದಿನದ ಬಲಿಪೂಜೆಯಲ್ಲಿ, ಕ್ಷಾಮದಲ್ಲಿ ಅಳಿದವರನ್ನೂ ಈ ಹಾದಿಯನ್ನು ಕಟ್ಟಿದವರನ್ನೂ ಒಟ್ಟಿಗೆ ಸ್ಮರಿಸೋಣ. ನಾವು ಮರೆತ ಹೆಸರುಗಳನ್ನು ದೇವರು ಮರೆತಿಲ್ಲ.