ಹೆಪಟೈಟಿಸ್ ಸಿ: ಹೆಸರಿಲ್ಲದ ವೈರಸ್ಸಿನ ಪತ್ತೆ

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆ ಎಂಬ ಆನುವಂಶಿಕ ರೋಗ ಕಂಡುಬರುತ್ತದೆ. ಅದು ಉಲ್ಬಣಿಸಿದಾಗ ಕೆಲವರಿಗೆ ಬೇರೆಯವರ ರಕ್ತ ಕೊಡಬೇಕಾಗುತ್ತದೆ. ಹನೂರಿನ ಕಾಡಂಚಿನಲ್ಲಾಗಲಿ, ಕೊಳ್ಳೇಗಾಲದ ಪೇಟೆಯಲ್ಲಾಗಲಿ, ಹೆರಿಗೆಯಲ್ಲಿ ಹೆಚ್ಚು ರಕ್ತ ಕಳೆದುಕೊಂಡ ತಾಯಿಗೂ ಇದೇ ಆಸರೆ. ಆ ರಕ್ತ ಸುರಕ್ಷಿತವೆಂದು ನಂಬುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಬಹಳ ತಡವಾಗಿ.

ರಕ್ತ ಪಡೆದವರಲ್ಲಿ ಕೆಲವರಿಗೆ ಯಕೃತ್ತಿನ ಉರಿಯೂತ, ಅಂದರೆ ಹೆಪಟೈಟಿಸ್, ಬರುವುದು ವೈದ್ಯರಿಗೆ ತಿಳಿದಿತ್ತು. 1960ರ ದಶಕದಲ್ಲಿ ಹೆಪಟೈಟಿಸ್ ಬಿ, 1973ರಲ್ಲಿ ಹೆಪಟೈಟಿಸ್ ಎ ವೈರಸ್ ಪತ್ತೆಯಾದವು. ಆದರೂ ರಕ್ತದಿಂದ ಬರುವ ರೋಗ ನಿಲ್ಲಲಿಲ್ಲ. ಇದು ಎ ಅಲ್ಲ, ಬಿ ಕೂಡ ಅಲ್ಲ ಎಂದು ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ರೋಗಕ್ಕೆ ‘ಎ-ಯೇತರ, ಬಿ-ಯೇತರ’ ಎಂಬ ಹೆಸರೇ ನಿಂತಿತು!

ಮೈಕೇಲ್ ಹೌಟನ್ ಅವರ ತಂಡ ಹೊಸ ದಾರಿ ಹಿಡಿಯಿತು. ಸೋಂಕು ತಗುಲಿದ ಚಿಂಪಾಂಜಿಯ ರಕ್ತದಿಂದ ಪಡೆದ ತಳಿಸಾಮಗ್ರಿಯ ತುಣುಕುಗಳನ್ನು ಬ್ಯಾಕ್ಟೀರಿಯಗಳಿಗೆ ಸೇರಿಸಿ, ಅವು ತಯಾರಿಸಿದ ಪ್ರೋಟೀನುಗಳಲ್ಲಿ ಯಾವುದಕ್ಕೆ ರೋಗಿಯ ಪ್ರತಿಕಾಯ ಅಂಟುತ್ತದೆಂದು ಹುಡುಕಿತು. 1989ರಲ್ಲಿ ಹೆಪಟೈಟಿಸ್ ಸಿ ವೈರಸ್ ಬೆಳಕಿಗೆ ಬಂದಿತು. ಈ ವೈರಸ್ ಒಂದೇ ರೋಗಕ್ಕೆ ಸಾಕೆಂಬುದನ್ನು 1997ರಲ್ಲಿ ಚಾರ್ಲ್ಸ್ ರೈಸ್ ಸಾಧಿಸಿದರು. 2020ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಈ ಮೂವರಿಗೆ ಸಂದಿತು.

ಈ ವೈರಸ್ಸಿನಲ್ಲಿರುವುದು ಸುಮಾರು 9,600 ನ್ಯೂಕ್ಲಿಯೊಟೈಡುಗಳ ಒಂದೇ ಆರ್‌ಎನ್‌ಎ ಎಳೆ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸೂ ಇದೇ ಕುಟುಂಬದ್ದು. ಆದರೆ ಅದು ಉಣ್ಣೆಯಿಂದ ಹರಡಿದರೆ ಇದು ರಕ್ತದಿಂದ ಹರಡುತ್ತದೆ. ಯಕೃತ್ತಿನ ಜೀವಕೋಶಗಳಲ್ಲಿ ವೃದ್ಧಿಯಾಗುತ್ತ, ರೂಪ ಬದಲಿಸುತ್ತ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳುತ್ತದೆ. ಸೋಂಕಿದ ಕೋಶಗಳ ಮೇಲೆ ದೇಹವೇ ವರ್ಷಗಟ್ಟಲೆ ನಡೆಸುವ ದಾಳಿಯಿಂದ ಯಕೃತ್ತಿನಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಸೋಂಕು ದೇಹದಲ್ಲೇ ಉಳಿದ 100 ಮಂದಿಯಲ್ಲಿ 15ರಿಂದ 30 ಮಂದಿಗೆ 20 ವರ್ಷಗಳೊಳಗೆ ಸಿರೋಸಿಸ್ ಬರಬಹುದು. ಮುಂದೆ ಕ್ಯಾನ್ಸರಿನ ಭಯವೂ ಇದೆ. ಆರಂಭದಲ್ಲಿ ಹೆಚ್ಚಿನವರ ಕಣ್ಣು ಹಳದಿಯಾಗುವುದಿಲ್ಲ. ಆದ್ದರಿಂದ ಕಾಮಾಲೆ ಕಾಣಲಿ ಎಂದು ಕಾಯುವಂತಿಲ್ಲ.

ಭಾರತದಲ್ಲಿ ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾದದ್ದು 2000ದ ನಂತರ. ಅದಕ್ಕೂ ಮೊದಲು ರಕ್ತ ಪಡೆದವರು ನಿಮ್ಮ ಊರಿನಲ್ಲೂ ಇರಬಹುದು. ಲಸಿಕೆ ಇನ್ನೂ ಇಲ್ಲ. ಆದರೆ ಸಾಮಾನ್ಯವಾಗಿ 12 ವಾರ ನುಂಗುವ ಮಾತ್ರೆಗಳಿಂದ 100ಕ್ಕೆ 95 ಮಂದಿ ಗುಣವಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವಂತೆ ಅಂಥ ಹಿರಿಯರಿಗೆ ನೀವೇ ಏಕೆ ತಿಳಿಸಬಾರದು?